ಸಾವುಕಾರನ ಕಾಸು, ರೈತನ ನೋಟು

“ಗುರುಗಳೇ, ನಾಣ್ಯ ಕೂಡಿಸುವವನು ದೊಡ್ಡವನೋ, ನೋಟು ಕೂಡಿಸುವವನು ದೊಡ್ಡವನೋ?”

ಕೇಳಿದವನು ಶಿಷ್ಯ ಕೊಟ್ರೇಶ. ಕೇಳುತ್ತಲೇ ಪಂಚೆಯ ತುದಿಗೆ ಕೈ ಒರೆಸಿಕೊಳ್ಳುತ್ತಿದ್ದ. ಅವನ ಬಳಿ ನೂರಾ ಎಂಟು ಹಳೆಯ ನಾಣ್ಯಗಳಿದ್ದವು. ಮಠದಲ್ಲಿ ಅವನ ಜೊತೆಗೇ ಓದುವ ಯಮನೂರಪ್ಪನ ಬಳಿ ಅಷ್ಟೇ ಹಳೆಯ ನೋಟುಗಳಿದ್ದವು. ಮರುದಿನ ಊರ ಶಾಲೆಯಲ್ಲಿ ಇಬ್ಬರ ಸಂಗ್ರಹವನ್ನೂ ಇಡುವವರಿದ್ದರು. ಬಹುಮಾನ ಮಾತ್ರ ಒಂದೇ. ಹದಿನೈದು ದಿನಗಳಿಂದ ಇಬ್ಬರ ನಡುವೆ ಮಾತಿರಲಿಲ್ಲ.

“ಉತ್ತರ ನಿನಗೆ ಆಗಲೇ ಗೊತ್ತಿರುವ ಹಾಗಿದೆ,” ಎಂದರು ಗುರುಗಳು.

“ಗೊತ್ತು ಗುರುಗಳೇ. ನಾಣ್ಯವೇ ದೊಡ್ಡದು. ತಾವು ಒಂದು ಸಲ ಹೇಳಿಬಿಟ್ಟರೆ ಅವನ ಬಾಯಿ ಮುಚ್ಚುತ್ತೆ.”

ಗುರುಗಳು ನಕ್ಕರು. “ಕೂತುಕೋ,” ಎಂದು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಒಂದು ದಿನ ಅವನ ನೇಗಿಲಿಗೆ ತಾಮ್ರದ ಕಾಸೊಂದು ಸಿಕ್ಕಿತು. ಒಂದು ಮುಖದಲ್ಲಿ ಆನೆ, ಇನ್ನೊಂದು ಮುಖದಲ್ಲಿ ಕನ್ನಡದ ಅಕ್ಷರ. ಅಂದಿನಿಂದ ಅವನಿಗೆ ನಾಣ್ಯದ ಹುಚ್ಚು ಹಿಡಿಯಿತು. ತೂತಿನ ಕಾಸು ಹುಡುಕಿದ. ಅಂಚು ಅಲೆಯಲೆಯಾಗಿರುವ ಆಣೆ ಹುಡುಕಿದ. ಒಂದು ಬೆಳ್ಳಿ ರೂಪಾಯಿಗಾಗಿ ಎರಡು ಮೂಟೆ ಜೋಳ ಕೊಟ್ಟ. ಕೊಟ್ಟದ್ದನ್ನು ಊರಿಗೆಲ್ಲ ತಾನೇ ಹೇಳಿಕೊಂಡು ಬಂದ.

ಅದೇ ಊರಿನಲ್ಲಿ ಒಬ್ಬ ವ್ಯಾಪಾರಿಯಿದ್ದ. ದಿನಸಿ ಅಂಗಡಿ ಅವನದು. ಅವನಿಗೆ ನೋಟಿನ ಹುಚ್ಚು. ರಾಜನ ಚಿತ್ರವಿರುವ ನೋಟು, ನಂಬರಿನಲ್ಲಿ ನಕ್ಷತ್ರವಿರುವ ನೋಟು, ಚಲಾವಣೆ ನಿಂತುಹೋದ ನೋಟು, ಯಾವುದನ್ನೂ ಬಿಡಲಿಲ್ಲ. ಗಿರಾಕಿ ಹಳೆಯ ನೋಟು ಕೊಟ್ಟರೆ ಬೆಲ್ಲ ತೂಗುವುದನ್ನು ಬಿಟ್ಟು ನೋಟನ್ನೇ ನೋಡುತ್ತ ನಿಲ್ಲುತ್ತಿದ್ದ.

ಸಂತೆಯ ದಿನ ರೈತ ಡಬ್ಬಿ ಹಿಡಿದು ವ್ಯಾಪಾರಿಯ ಅಂಗಡಿ ಕಟ್ಟೆಗೆ ಬರುತ್ತಿದ್ದ. ಜನ ಸಂತೆ ಬಿಟ್ಟು ಇವರ ಮಾತು ಕೇಳಲು ನಿಲ್ಲುತ್ತಿದ್ದರು.

“ಸಾವುಕಾರ್ರೇ, ನನ್ನ ಕಾಸು ನೂರು ವರ್ಷ ಮಣ್ಣಲ್ಲಿ ಮಲಗಿ ಎದ್ದು ಬಂದಿದೆ. ನಿಮ್ಮ ನೋಟು ಒಂದೇ ಒಂದು ಮಳೆಗಾಲ ಮಲಗಲಿ, ನೋಡೋಣ.”

“ಗೌಡ್ರೇ, ನಿಮ್ಮ ಕಾಸಿನಂಥ ಕಾಸು ಲಕ್ಷ ಇವೆ. ನನ್ನ ನೋಟಿನ ನಂಬರು ಲೋಕಕ್ಕೆಲ್ಲ ಒಂದೇ. ಹಿಂದೆ ತಿರುಗಿಸಿ ನೋಡಿ, ಕನ್ನಡದಲ್ಲೂ ಬರೆದಿದೆ.”

“ಕನ್ನಡ ನನಗೆ ತೋರಿಸ್ತೀರಾ? ನಿಮ್ಮ ನೋಟು ಹುಟ್ಟೋಕೆ ಮುಂಚೆಯೇ ನನ್ನ ಆನೆ ಕನ್ನಡ ಹೊತ್ತುಕೊಂಡು ತಿರುಗ್ತಿತ್ತು!”

ಜಂಬದಲ್ಲಿ ಇಬ್ಬರೂ ಗುಲಗಂಜಿಯಷ್ಟೂ ಕಡಿಮೆ ಇರಲಿಲ್ಲ. ಒಂದು ರೂಪಾಯಿ ನೋಟಿನ ಮೇಲೆ ಬ್ಯಾಂಕಿನ ಗವರ್ನರ ಸಹಿ ಇರುವುದಿಲ್ಲ ಎಂದ ವ್ಯಾಪಾರಿ. ಇರುತ್ತದೆ ಎಂದು ರೈತ ತನ್ನ ಆನೆಯ ಕಾಸನ್ನೇ ಪಂದ್ಯಕ್ಕೆ ಇಟ್ಟ. ಸೋತ. ಮುಂದಿನ ಸಂತೆಗೆ ರೈತ ಒಂದು ನಾಣ್ಯ ತಂದ. ವರ್ಷದ ಕೆಳಗಿರುವ ಸಣ್ಣ ಚುಕ್ಕಿ ಅದನ್ನು ಯಾವ ಟಂಕಸಾಲೆಯಲ್ಲಿ ಅಚ್ಚು ಹಾಕಿದರು ಎಂದು ಹೇಳುತ್ತದೆ ಎಂದ. ಅದು ಬರೀ ಕೊಳೆ ಎಂದು ವ್ಯಾಪಾರಿ ತನ್ನ ರಾಜನ ನೋಟನ್ನು ಪಂದ್ಯಕ್ಕೆ ಇಟ್ಟ. ಅವನೂ ಸೋತ. ಹೀಗೆ ರೈತನ ಆನೆ ವ್ಯಾಪಾರಿಯ ಗಲ್ಲಾಪೆಟ್ಟಿಗೆ ಸೇರಿತು. ವ್ಯಾಪಾರಿಯ ರಾಜ ರೈತನ ಹಳೆಯ ಪಂಚಾಂಗದ ಹಾಳೆಗಳ ನಡುವೆ ಕೂತ.

ಒಮ್ಮೆ ರೈತ ಅದೇ ಅಂಗಡಿಗೆ ಹುಣಸೆಹಣ್ಣು ಕೊಳ್ಳಲು ಬಂದ. ಕಾಸುಗಳನ್ನು ಉಜ್ಜಿ ಬೆಳಗಿಸುವ ಆಸೆ ಅವನಿಗೆ.

ವ್ಯಾಪಾರಿ ತಕ್ಕಡಿ ಕೆಳಗಿಟ್ಟ. “ಸಾರಿಗಾದರೆ ಕೊಡ್ತೀನಿ, ಕಾಸಿಗಾದರೆ ಕೊಡಲ್ಲ. ಆ ಕಪ್ಪು ಕಟ್ಟೋಕೆ ನೂರು ವರ್ಷ ಹಿಡಿದಿದೆ. ಉಜ್ಜಿಬಿಟ್ಟರೆ ಅದು ಕಾಸಲ್ಲ ಗೌಡ್ರೇ, ತಟ್ಟೆ!”

ಇನ್ನೊಮ್ಮೆ ವ್ಯಾಪಾರಿ ನೋಟುಗಳ ಮಡಿಕೆ ತೆಗೆಯಲು ಗಂಜಿ ಕಲಸಿ, ಇಸ್ತ್ರಿ ಪೆಟ್ಟಿಗೆಗೆ ಕೆಂಡ ಹಾಕಿದ್ದ. ರೈತ ಆ ಪೆಟ್ಟಿಗೆಯನ್ನು ಅವನ ಕೈಯಿಂದ ಕಿತ್ತುಕೊಂಡ. “ಆ ಮಡಿಕೆಯಲ್ಲೇ ಅದರ ವಯಸ್ಸಿರೋದು. ಗಂಜಿ ಹಾಕಿದರೆ ನೋಟಲ್ಲ ಸಾವುಕಾರ್ರೇ, ಹಪ್ಪಳ!”

ಇಬ್ಬರೂ ಬೈದುಕೊಂಡರು. ಆದರೆ ಇಬ್ಬರೂ ಮಾತು ಕೇಳಿದರು.

ಆ ಊರಿಗೆ ಗ್ರಂಥಾಲಯ ಬಂತು. ಅದರಲ್ಲಿ ಒಂದು ಗಾಜಿನ ಕಪಾಟು ಮಾಡಿಸಿದರು. ಊರಿನ ಒಂದು ಸಂಗ್ರಹಕ್ಕೆ ಅಲ್ಲಿ ಜಾಗ, ಕೆಳಗೆ ಅದರ ಒಡೆಯನ ಹೆಸರು. ಆರಿಸಲು ಪಟ್ಟಣದಿಂದ ಒಬ್ಬ ಪರೀಕ್ಷಕ ಬರುವನೆಂದು ಡಂಗುರ ಹೊಡೆಸಿದರು.

“ಕಪಾಟು ನನ್ನದು,” ಎಂದ ರೈತ.

“ಗಾಜು ಒರೆಸೋಕೆ ಬನ್ನಿ, ಬೇಡ ಅನ್ನಲ್ಲ,” ಎಂದ ವ್ಯಾಪಾರಿ.

ಆ ಮಾತು ರೈತನಿಗೆ ಚುಚ್ಚಿತು. ಅವನು ಡಬ್ಬಿ ಎತ್ತಿಕೊಂಡು ಹೋದ. ಮತ್ತೆ ಅಂಗಡಿ ಕಟ್ಟೆ ಹತ್ತಲಿಲ್ಲ. ವ್ಯಾಪಾರಿಯೂ ಕರೆಯಲಿಲ್ಲ.

ಮನೆಯಲ್ಲಿ ರೈತ ಒಬ್ಬನೇ ಕೂತು ಯೋಚಿಸಿದ. ಉಜ್ಜಬೇಡ ಎಂದು ಅವನು ಹೇಳಿದ್ದು ಯಾಕೆ? ನನ್ನ ಕಾಸು ಹೊಳೆದರೆ ಅವನ ನೋಟನ್ನು ಯಾರೂ ನೋಡುವುದಿಲ್ಲ, ಅದಕ್ಕೇ. ಹೀಗೆ ಎಣಿಸಿ ಪಕ್ಕದೂರಿನ ಅಂಗಡಿಯಿಂದ ಹುಣಸೆಹಣ್ಣು ತಂದ. ಬೂದಿ ಸೇರಿಸಿ ಒಂದೊಂದೇ ಕಾಸನ್ನು ಉಜ್ಜಿದ. ಡಬ್ಬಿ ತೆರೆದರೆ ಕಣ್ಣು ಕುಕ್ಕುವಂತಾಯಿತು. ಇನ್ನು ನನ್ನನ್ನು ಹಿಡಿಯುವವರಿಲ್ಲ ಎಂದುಕೊಂಡ.

ವ್ಯಾಪಾರಿಯೂ ಒಬ್ಬನೇ ಕೂತು ಅದನ್ನೇ ಯೋಚಿಸಿದ. ಇಸ್ತ್ರಿ ಬೇಡವೆಂದದ್ದು ಹೊಟ್ಟೆಕಿಚ್ಚಿಗೆ ಎಂದು ಅವನಿಗೂ ಅನ್ನಿಸಿತು. ಅಂಗಡಿಯ ಬಾಗಿಲು ಹಾಕಿ ಗಂಜಿ ಕಾಯಿಸಿದ.

ಪರೀಕ್ಷಕ ಬಂದ. ಊರೇ ಗ್ರಂಥಾಲಯದ ಮುಂದೆ ಸೇರಿತು. ಅವನು ಒಂದು ಕಾಸು ಎತ್ತಿ ಮೂಸಿ ನೋಡಿದ. “ಹುಣಸೆಹಣ್ಣು,” ಎಂದು ಕೆಳಗಿಟ್ಟ. ಒಂದು ನೋಟು ಎತ್ತಿದ. ಅದು ಅವನ ಕೈಯಲ್ಲಿ ಸೆಟೆದು ನಿಂತಿತು. “ಗಂಜಿ,” ಎಂದ.

ಆಮೇಲೆ ಇಬ್ಬರ ಮುಖವನ್ನೂ ನೋಡಿದ. “ಹೋದ ತಿಂಗಳು ಬಂದಿದ್ದರೆ ಎರಡು ಕಪಾಟು ಮಾಡಿಸಿ ಎನ್ನುತ್ತಿದ್ದೆ. ಈಗ ಒಂದೂ ಹೆಚ್ಚು.”

ಇಪ್ಪತ್ತು ವರ್ಷ ಕೂಡಿಸಿದ್ದು ಇಬ್ಬರ ಕಣ್ಣ ಮುಂದೆಯೇ ಬರೀ ಲೋಹ, ಬರೀ ಕಾಗದ ಆಯಿತು. ವ್ಯಾಪಾರಿ ರೈತನ ಡಬ್ಬಿಯೊಳಗೆ ಇಣುಕಿದ.

“ಏನು ಗೌಡ್ರೇ, ಇಷ್ಟೊಂದು ತಟ್ಟೆ ಯಾಕೆ ತಂದಿರಿ?”

“ನಿಮ್ಮ ಹಪ್ಪಳ ಹಾಕೋಕೆ ಸಾವುಕಾರ್ರೇ.”

ಮೊದಲು ನಕ್ಕವರು ಅವರೇ. ಊರು ಆಮೇಲೆ ನಕ್ಕಿತು. ನಗುತ್ತ ನಗುತ್ತ ರೈತನಿಗೆ ಏನೋ ನೆನಪಾಯಿತು.

“ನನ್ನ ಆನೆ ನಿಮ್ಮ ಹತ್ತಿರ ಇತ್ತಲ್ಲ. ಅದನ್ನೂ ಉಜ್ಜಿದಿರೋ?”

“ಗೆದ್ದ ವಸ್ತು ಅದು. ನೀವು ಕೊಟ್ಟಾಗ ಹೇಗಿತ್ತೋ ಹಾಗೇ ಇದೆ. ನನ್ನ ರಾಜ?”

“ಪಂಚಾಂಗದಲ್ಲೇ ಇದ್ದಾನೆ. ಹುಳ ಹಿಡಿದೀತು ಅಂತ ಪೆಟ್ಟಿಗೆಗೆ ಬೇವಿನ ಎಲೆ ಹಾಕಿದ್ದೀನಿ. ಮಡಿಕೆ ಮುಟ್ಟಿಲ್ಲ.”

ಎರಡನ್ನೂ ತರಿಸಿದರು. ಪರೀಕ್ಷಕ ಕಪ್ಪು ಕಟ್ಟಿದ ಆನೆಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ಮಡಿಕೆಯ ರಾಜನನ್ನೂ ಅಷ್ಟೇ ಹೊತ್ತು ನೋಡಿದ. ಕೊನೆಗೆ ಎರಡನ್ನೂ ತಾನೇ ಕಪಾಟಿನೊಳಗೆ ಇಟ್ಟು ಬೀಗ ಹಾಕಿದ. ಒಡೆಯರ ಹೆಸರನ್ನೂ ಬರೆದ. ಕಾಸಿನ ಕೆಳಗೆ ವ್ಯಾಪಾರಿಯ ಹೆಸರು. ನೋಟಿನ ಕೆಳಗೆ ರೈತನ ಹೆಸರು.

ಆಮೇಲೆ ಪರವೂರಿನವರು ಯಾರೇ ಬರಲಿ, ರೈತ ಅವರನ್ನು ಕೈ ಹಿಡಿದು ಕಪಾಟಿನ ಮುಂದೆ ನಿಲ್ಲಿಸುತ್ತಿದ್ದ. “ಆ ನೋಟು ನೋಡಿ. ಅದರ ನಂಬರು ಲೋಕಕ್ಕೆಲ್ಲ ಒಂದೇ!” ಪಕ್ಕದಲ್ಲಿ ವ್ಯಾಪಾರಿ ಎದೆ ಉಬ್ಬಿಸಿ ನಿಲ್ಲುತ್ತಿದ್ದ. “ಈ ಕಾಸು ನೋಡಿ. ನೂರು ವರ್ಷ ಮಣ್ಣಲ್ಲಿ ಮಲಗಿ ಎದ್ದು ಬಂದದ್ದು!” ಅವರ ಜಂಬ ಎಳ್ಳಷ್ಟೂ ಇಳಿಯಲಿಲ್ಲ. ಯಾಕೆ ಇಳಿಯಬೇಕು?

ಗುರುಗಳು ಕತೆ ನಿಲ್ಲಿಸಿದರು.

ಕೊಟ್ರೇಶನಿಗೆ ಸಮಾಧಾನವಾಗಲಿಲ್ಲ. “ಕತೆ ಚೆನ್ನಾಗಿದೆ ಗುರುಗಳೇ. ಆದರೆ ನನ್ನ ಪ್ರಶ್ನೆ ಹಾಗೇ ಉಳೀತು. ಇಬ್ಬರಲ್ಲಿ ಯಾರು ದೊಡ್ಡವರು?”

“ಅದಿರಲಿ ಕೊಟ್ರೇಶ, ನಿನ್ನ ಉಗುರಲ್ಲಿ ಹುಣಸೆಹಣ್ಣಿದೆ, ಯಮನೂರಪ್ಪನ ಕೋಣೆಯಿಂದ ಗಂಜಿ ಕಾಯುವ ವಾಸನೆ ಬರುತ್ತಿದೆ.”

ಕೊಟ್ರೇಶ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡ.