ಹೊನ್ನೇಶ ಕತೆ ಹಂಚಿದ್ದು

ಸಾಕಮ್ಮನಿಗೆ ಒಬ್ಬನೇ ಮಗ, ಹೊನ್ನೇಶ. ಅವನೂ ಪೆದ್ದ. "ಒಲೆ ಮೇಲಿನ ಹಾಲು ನೋಡ್ತಿರೋ" ಅಂದರೆ ಅದು ಉಕ್ಕಿ ಒಲೆ ಆರುವವರೆಗೂ ನೋಡುತ್ತಲೇ ಇರುವವನು! ಆದರೆ ಒಂದು ಮಾತ್ರ ಬರುತ್ತಿತ್ತು, ಕತೆ ಬರೆಯುವುದು.

ಎದುರುಮನೆ ವಾರಗಿತ್ತಿ ಪುಟ್ಟಲಿಂಗಿ ನಕ್ಕಳು. "ಇವನ ಹೆಸರನ್ನ ಪತ್ರಿಕೇಲಿ ಯಾರೇ ಹಾಕ್ತಾರೆ? ಹಾಕಿದ್ರೂ ಯಾರು ಓದ್ತಾರೆ?"

ಸಾಕಮ್ಮ ಸೆರಗು ಸಿಕ್ಕಿಸಿದಳು. "ಹಾಕಿಸ್ತೀನಿ ಅಕ್ಕಾ! ನಿನ್ನ ಬಾಯಲ್ಲೇ ಓದಿಸ್ತೀನಿ!"

ಹೊನ್ನೇಶ ಕತೆ ಬರೆದ. ಬರೆದವನೇ ಫೇಸ್‌ಬುಕ್ಕಿಗೆ ಹಾಕಿದ, ವಾಟ್ಸಾಪಿನಲ್ಲಿ ಬೀದಿಗೆಲ್ಲ ಕಳಿಸಿದ. ಆಮೇಲೆ ಫೋನಿನಲ್ಲೇ ಬರುವ ಒಂದು ಪತ್ರಿಕೆಗೂ ಕಳಿಸಿದ. ಸಂಪಾದಕರು ಉತ್ತರ ಬರೆದರು: "ಈಗಾಗಲೇ ಜಾಲತಾಣದಲ್ಲಿ ಜನ ಓದಿದ ಕತೆ ನಮಗೆ ಬೇಡ."

"ಅಯ್ಯೋ ಮಂಕೇ!" ಅಂದಳು ಸಾಕಮ್ಮ. "ಹಾಕಿದ್ದನ್ನ ವಾಪಸ್ ತಗೋಬೇಕು ಕಣೋ!"

"ಆಗಲಿ ಕಣವ್ವ."

ಅಳಿಸಿದನೇ? ಇಲ್ಲ! ಓದಿದವರ ಹತ್ತಿರವೇ ಹೋದ. "ನನ್ನ ಕತೆ ವಾಪಸ್ ಕೊಡಿ!"

ಕ್ಷೌರದಂಗಡಿ ರೇವಣ್ಣ ಅಂದ, "ಓದಿಬಿಟ್ಟೆನಲ್ಲೋ, ಈಗ ತಲೆಯೊಳಗಿದೆ."

"ನೀನು ಮರೆಯೋವರೆಗೂ ಇಲ್ಲೇ ಕೂತಿರ್ತೀನಿ ಅಣ್ಣ." ಕೂತ. ಘಳಿಗೆಗೊಂದು ಸಲ ಕೇಳಿದ. "ರಾಜ ಸತ್ತಿದ್ದು ಮರೆತೆಯಾ? ಆನೆ ಓಡಿದ್ದು ಮರೆತೆಯಾ?" ಸಂಜೆ ಹೊತ್ತಿಗೆ ರೇವಣ್ಣನಿಗೆ ಕತೆ ಬಾಯಿಪಾಠ!

ಸಾಕಮ್ಮ ಹಣೆ ಚಚ್ಚಿಕೊಂಡಳು. "ದೇವರ ಎಡೆಗೆ ಮಾಡಿದ ಪಾಯಸವನ್ನ ಮೊದಲೇ ರುಚಿ ನೋಡ್ತೀವೇನೋ? ಎಂಜಲಾಗಲ್ವಾ? ಹೊಸ ಕತೆ ಬರಿ. ಸಂಪಾದಕರಿಗಿಂತ ಮೊದಲು ಯಾರೂ ಓದಬಾರದು!"

"ಆಗಲಿ ಕಣವ್ವ."

ಯಾರೂ ಅಂದರೆ ಬರೆದವನೂ ಸೇರಿದನಲ್ಲ! ಕಣ್ಣಿಗೆ ಟವೆಲ್ ಕಟ್ಟಿಕೊಂಡು ಬರೆದ. ಸಂಪಾದಕರು ಕೇಳಿದರು: "ಇದು ಯಾವ ಭಾಷೆ?"

"ಅಯ್ಯೋ ಮಂಕೇ! ಕಣ್ಣು ಬಿಟ್ಕೊಂಡು ಬರಿಯೋ!"

"ಆಗಲಿ ಕಣವ್ವ."

ಬಿಟ್ಟ ಕಣ್ಣು ಬಿಟ್ಟಂತೆಯೇ ಬರೆದ. ರೆಪ್ಪೆ ಬಡಿಯಲಿಲ್ಲ. ನೀರು ಧಾರೆಧಾರೆ ಸುರಿಯಿತು. ಆದರೆ ನಗಬೇಡಿ, ಕತೆ ಚೆನ್ನಾಗಿತ್ತು. ಪೆದ್ದ ಮಗನಿಗಾಗಿ ಬೀದಿಗೆಲ್ಲ ಎದುರು ನಿಂತ ಒಬ್ಬ ತಾಯಿಯ ಕತೆ. ಸಂಪಾದಕರು ಒಪ್ಪಿ ಪತ್ರಿಕೆಯಲ್ಲಿ ಹಾಕಿಯೇಬಿಟ್ಟರು!

ಸಾಕಮ್ಮ ಸಂತೋಷಪಡುವಷ್ಟರಲ್ಲಿ ಹೊನ್ನೇಶ ಸಂಪಾದಕರಿಗೆ ಬರೆದ: "ಸಾರ್, ನಿಮ್ಮ ಜಾಲತಾಣದಲ್ಲಿ ನನ್ನ ಕತೆಯನ್ನು ಜನ ಓದಿಬಿಟ್ಟಿದ್ದಾರೆ. ಇನ್ನು ನಿಮಗೆ ಬೇಡ ತಾನೇ? ತೆಗೆದುಬಿಡಿ."

ಸಂಪಾದಕರು ಫೋನ್ ಮಾಡಿ ರೇಗಿದರು. "ಏನಯ್ಯಾ ಇದು ತಮಾಷೆ?"

ಸಾಕಮ್ಮ ಫೋನ್ ಕಿತ್ತುಕೊಂಡಳು. "ತಪ್ಪೇನು ಕೇಳಿದ ಸ್ವಾಮಿ? ನಮ್ಮ ಬೀದಿಯ ನಾಲ್ಕು ಜನ ಓದಿದ್ರೆ ಎಂಜಲು, ನಿಮ್ಮ ಪತ್ರಿಕೇಲಿ ಲೋಕವೆಲ್ಲ ಓದಿದ್ರೆ ಪ್ರಸಾದವಾ?"

ಸಂಪಾದಕರು ಫೋನ್ ಇಟ್ಟರು. ಕತೆ ಇದ್ದಲ್ಲೇ ಉಳಿಯಿತು.

ಸಾಕಮ್ಮ ಮಗನ ಕಡೆ ತಿರುಗಿದಳು. "ಪ್ರಸಾದ ಅಂದಮೇಲೆ ಮುಚ್ಚಿಡಬಾರದು. ಹೋಗು, ಬೀದಿಗೆಲ್ಲ ಹಂಚು! ಒಂದು ಮನೆಯೂ ತಪ್ಪಬಾರದು. ನಿನ್ನ ದೊಡ್ಡಮ್ಮನಿಗೇ ಮೊದಲು ಕೊಡು!"

"ಆಗಲಿ ಕಣವ್ವ."

ಹೊನ್ನೇಶ ಕತೆಯ ಒಂದೇ ಒಂದು ಪ್ರತಿ ಪ್ರಿಂಟ್ ತೆಗೆಸಿದ. ಪ್ರಸಾದವನ್ನ ಚೂರು ಚೂರೇ ತಾನೇ ಕೊಡೋದು? ಕತ್ತರಿ ತೆಗೆದುಕೊಂಡ. ಕಚ ಕಚ ಕಚ! ಮನೆಗೊಂದು ಸಾಲು!

ಸ್ವಲ್ಪ ಹೊತ್ತಿಗೆ ಬೀದಿಗೆ ಬೀದಿಯೇ ಸಾಕಮ್ಮನ ಅಂಗಳದಲ್ಲಿತ್ತು. ಎಲ್ಲರ ಕೈಯಲ್ಲೂ ಒಂದೊಂದು ಚೂರು.

"ನನ್ನದರಲ್ಲಿ 'ಆಗ ಅವಳು' ಅಂತ ಇದೆ. ಅವಳು ಏನು ಮಾಡಿದಳು?"

"ನನ್ನ ಹತ್ತಿರ ಬಾ, 'ಬಾಗಿಲು ಒದ್ದಳು' ಅಂತ ಇಲ್ಲಿದೆ!"

"ತಡೀರಿ, ತಡೀರಿ! ಮೊದಲ ಚೂರು ಯಾರ ಹತ್ರ?"

ಪುಟ್ಟಲಿಂಗಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ರೇವಣ್ಣ ನೋಡಿಬಿಟ್ಟ. "ಓದು ಪುಟ್ಟಲಿಂಗಕ್ಕಾ! ನೀನು ಓದದೆ ಯಾರದ್ದೂ ಶುರುವಾಗಲ್ಲ!"

ಪುಟ್ಟಲಿಂಗಿ ಗೊಣಗುತ್ತಾ ಓದಿದಳು. "ಬರೆದವರು, ಸಾಕಮ್ಮನ ಮಗ ಹೊನ್ನೇಶ."

"ಕೇಳಿಸಲಿಲ್ಲ ಅಕ್ಕಾ," ಅಂದಳು ಸಾಕಮ್ಮ. "ಇನ್ನೊಂದು ಸಲ!"