ಬಾಯಿ ಬಿಚ್ಚದ ಜಟಾಮಾಂಸಿ ಚೀಲ

"ಗುರುಗಳೇ, ಮನಸ್ಸನ್ನು ತಣ್ಣಗೆ ಮಾಡುವ ಮೂಲಿಕೆಗಳಲ್ಲಿ ಶ್ರೇಷ್ಠವಾದದ್ದು ಯಾವುದು?" ಎಂದು ಶಿಷ್ಯ ಕೇಳಿದ. "ಬೆಳಗ್ಗೆ ಒಂದೆಲಗದ ರಸ ಕುಡಿಯುತ್ತೇನೆ. ಸಂಜೆ ಹಾಲಿಗೆ ಅಶ್ವಗಂಧ ಬೆರೆಸುತ್ತೇನೆ. ಆದರೂ ಒಳಗಿನ ತಳಮಳ ಹೋಗಿಲ್ಲ."

ಗುರುಗಳು ಹೇಳಿದರು:

ಒಬ್ಬ ಅಕ್ಕಿ ವ್ಯಾಪಾರಿಯಿದ್ದ. ಅಳತೆಯಲ್ಲಿ ನೇರ, ಖರ್ಚಿನಲ್ಲಿ ಬಿಗಿ. ಅವನ ಉಗ್ರಾಣಕ್ಕೆ ಇಲಿಗಳು ಹೊಕ್ಕವು. ಹಗಲು ಮೂಟೆಯ ತೂತು ಹೊಲಿಯುವುದು, ರಾತ್ರಿ ಕರಕರ ಸದ್ದಿಗೆ ಕಿವಿಗೊಡುವುದು, ಇಷ್ಟೇ ಅವನ ಬಾಳಾಯಿತು. ಬೆಕ್ಕು ಸಾಕೋಣವೆಂದ ಹೆಂಡತಿಗೆ, "ಅದಕ್ಕೆ ದಿನಾ ಹಾಲು ಯಾರು ಹೊಯ್ಯುತ್ತಾರೆ?" ಎಂದು ಗದರಿದ.

ನಿದ್ದೆಗೆಟ್ಟವನ ನಾಲಿಗೆ ಚೂಪಾಗುತ್ತದೆ. ಅಕ್ಕಿಯಲ್ಲಿ ಕಲ್ಲಿದೆ ಎಂದವರಿಗೆ, "ಕಲ್ಲಲ್ಲ, ನಿನ್ನ ಹಲ್ಲು ನೋಡಿಕೋ" ಎಂದ. ಗಿರಾಕಿಗಳು ಒಬ್ಬೊಬ್ಬರಾಗಿ ಎದುರಂಗಡಿಗೆ ದಾಟಿದರು. ಹೀಗೇ ಇನ್ನೆರಡು ತಿಂಗಳು ನಡೆದರೆ ಅಂಗಡಿಗೆ ಬೀಗವೇ ಗತಿ.

ಗಾಬರಿಬಿದ್ದು ಮದ್ದು ಕೊಡುವ ಪಂಡಿತರ ಬಳಿಗೆ ಓಡಿದ. ಆದರೆ ಇಲಿಯ ಮಾತೆತ್ತಲಿಲ್ಲ. ಅಕ್ಕಿ ಮಾರುವವನು ತನ್ನ ಮನೆಯ ಇಲಿಯನ್ನು ಊರಿಗೆ ಸಾರುವುದುಂಟೇ? ಮನಸ್ಸಿಗೆ ನೆಮ್ಮದಿಯಿಲ್ಲ ಎಂದಷ್ಟೇ ಹೇಳಿದ.

ಪಂಡಿತರು ಹಾಲಿಗೆ ಜಾಯಿಕಾಯಿ ತೇಯ್ದು ಕುಡಿಯಲು ಹೇಳಿದರು. ಕುಡಿದ. ಗಸಗಸೆ ಪಾಯಸ ಎಂದರು. ಅದನ್ನೂ ಉಂಡ. "ಇಷ್ಟು ಹಾಲಿನಲ್ಲಿ ನಾಲ್ಕು ಬೆಕ್ಕು ಸಾಕಬಹುದಿತ್ತು" ಎಂದಳು ಹೆಂಡತಿ. ಕೊನೆಗೆ ಪಂಡಿತರು ಜಟಾಮಾಂಸಿಯ ಬೇರು ಹೇಳಿದರು, ದಿನಕ್ಕೊಂದು ಚಿಟಿಕೆ ಪುಡಿ.

ವ್ಯಾಪಾರಿ ಬೇರು-ನಾರು ಮಾರುವ ಗ್ರಂಧಿಗೆ ಅಂಗಡಿಗೆ ಹೋದ. ಚಿಟಿಕೆ ಲೆಕ್ಕದಲ್ಲಿ ಕೊಂಡರೆ ದುಬಾರಿ, ಸಗಟಿನಲ್ಲಿ ಅಗ್ಗ. ಒಂದು ಚೀಲವನ್ನೇ ಹೊರಿಸಿಕೊಂಡು ಬಂದು ಉಗ್ರಾಣದಲ್ಲಿ ಇಳಿಸಿದ.

ಆ ಬೇರಿನ ವಾಸನೆಗೆ ಬೆಕ್ಕುಗಳಿಗೆ ಹುಚ್ಚು ಹಿಡಿಯುತ್ತದೆ. ಬೆಳಗಾಗುವಷ್ಟರಲ್ಲಿ ಕೇರಿಯ ಬೆಕ್ಕುಗಳೆಲ್ಲ ಹೆಂಚಿನ ಸಂದಿಯಿಂದ ಇಳಿದು ಬಂದಿದ್ದವು. ಒಂದು ಚೀಲಕ್ಕೆ ಕೆನ್ನೆ ಉಜ್ಜುತ್ತಿತ್ತು. ಒಂದು ನಾಲ್ಕೂ ಕಾಲು ಮೇಲೆ ಮಾಡಿ ಹೊರಳುತ್ತಿತ್ತು. ಅವುಗಳಲ್ಲಿ ಒಂದೂ ಇಲಿ ಹಿಡಿಯಲಿಲ್ಲ. ಆದರೆ ಬೆಕ್ಕು ಹೊರಳುತ್ತಿದೆಯೋ ಹೊಂಚುತ್ತಿದೆಯೋ ಎಂದು ಇಲಿ ನಿಂತು ವಿಚಾರಿಸುತ್ತದೆಯೇ? ಮೂರು ದಿನದಲ್ಲಿ ಇಲಿಗಳು ಸಂಸಾರ ಸಮೇತ ಎದುರಂಗಡಿಗೆ ಗುಳೆ ಹೋದವು.

ವ್ಯಾಪಾರಿ ಗೊರಕೆ ಹೊಡೆದು ಮಲಗಿದ. ಗಿರಾಕಿಗಳಿಗೆ "ಬನ್ನಿ, ಕೂತುಕೊಳ್ಳಿ" ಎಂದ. ಕೇಳದೆಯೇ ಒಂದು ಹಿಡಿ ಅಕ್ಕಿ ಕೊಸರು ಹಾಕಿದ. ಹೋದವರೆಲ್ಲ ಮರಳಿದರು.

ಹಿಗ್ಗಿನಿಂದ ಅವನು ಬೆಲ್ಲದಚ್ಚು ಹಿಡಿದು ಪಂಡಿತರ ಮನೆಗೆ ಹೋದ. "ಪಂಡಿತರೇ, ಬೇರು ಅಂದರೆ ನೀವು ಹೇಳಿದ ಬೇರು!"

"ದಿನಕ್ಕೆ ಎಷ್ಟು ತಗೊಂಡಿರಿ ಶೆಟ್ಟರೇ?"

"ತಗೊಳ್ಳುವುದೇ? ಚೀಲದ ಬಾಯಿ ಇನ್ನೂ ಬಿಚ್ಚಿಲ್ಲ!"

ಆಮೇಲೆ ಇಲಿ, ಬೆಕ್ಕು, ಎಲ್ಲವನ್ನೂ ಹೇಳಿದ. ಪಂಡಿತರು ಹೊಟ್ಟೆ ಹಿಡಿದುಕೊಂಡು ನಕ್ಕರು. ವ್ಯಾಪಾರಿಯೂ ಕಣ್ಣಲ್ಲಿ ನೀರು ಬರುವಂತೆ ನಕ್ಕ.

ಕೇಳುತ್ತಿದ್ದ ಶಿಷ್ಯನೂ ನಕ್ಕ. "ಹಾಗಾದರೆ ಜಟಾಮಾಂಸಿಯೇ ಶ್ರೇಷ್ಠವೆನ್ನಿ. ನಾಳೆಯೇ ತರಿಸುತ್ತೇನೆ" ಎಂದ.

"ತರಿಸು ಮಗು, ಅದಕ್ಕೆ ಮೊದಲು ನಿನ್ನ ಇಲಿ ಯಾವುದೆಂದು ಹೇಳು" ಎಂದರು ಗುರುಗಳು.