ಪೂರ್ವಕ್ಕೆ ಯಾರೂ ಇಲ್ಲ

“ಅಜ್ಜೀ, ಒಬ್ಬರನ್ನು ಇಲ್ಲವೇ ಇಲ್ಲ ಎಂದುಕೊಂಡು ಬದುಕಿದರೆ ತಪ್ಪೇನು?”

ಕೇಳಿದವಳು ಶಿವಲೀಲಾ. ಸಂಜೆಯ ಪಾಠ ಮುಗಿದು ಉಳಿದ ಹೆಂಗಸರು ಎದ್ದು ಹೋಗಿದ್ದರು. ನೀಲಗಂಗವ್ವನಿಗೆ ಅವಳು ಮೊಮ್ಮಗಳೂ ಹೌದು, ಶಿಷ್ಯೆಯೂ ಹೌದು. ಶಿವಲೀಲಾ ಗುಟ್ಟಾಗಿ ಹೇಳಿಕೊಂಡ ಒಂದು ಮಾತನ್ನು ಅವಳ ಅಕ್ಕ ನಾಲ್ಕು ಜನರ ಮುಂದೆ ಆಡಿ ನಕ್ಕಿದ್ದಳು. ಅದಾಗಿ ಮೂರು ತಿಂಗಳು. ಅಂದಿನಿಂದ, ನೀವು ಎಷ್ಟು ಜನ ಮಕ್ಕಳು ಎಂದು ಯಾರಾದರೂ ಕೇಳಿದರೆ ಶಿವಲೀಲಾ ನಾನೊಬ್ಬಳೇ ಎನ್ನುತ್ತಿದ್ದಳು.

ನೀಲಗಂಗವ್ವ ತಪ್ಪು ಎನ್ನಲಿಲ್ಲ, ಸರಿ ಎನ್ನಲಿಲ್ಲ.

“ಜಾಗದ ಕಾಗದದಲ್ಲಿ ಒಂದು ಬರೆಯುತ್ತಾರಲ್ಲ, ಏನದು? ಚಕ್ಕು... ಚಕ್ಕುಲಿ ಎಂದೇ ಬಾಯಿಗೆ ಬರುತ್ತದೆ, ಅದಲ್ಲ. ನಮ್ಮೂರಲ್ಲಿ ಎಲ್ಲರ ಬಾಯಲ್ಲೂ ಇದ್ದ ಮಾತು. ಊರು ಬಿಟ್ಟು ಐವತ್ತು ವರ್ಷವಾಯಿತು ನೋಡು, ಮಾತುಗಳೂ ಒಂದೊಂದಾಗಿ ಅಲ್ಲಿಗೇ ವಾಪಸು ಹೋಗುತ್ತಿವೆ. ತಡೆ, ಬಂತು. ಚಕ್ಕುಬಂದಿ.”

“ಹಾಗೆಂದರೆ?”

“ನಿನ್ನ ಜಾಗದ ನಾಲ್ಕು ದಿಕ್ಕಿಗೂ ಯಾರು ಇದ್ದಾರೆ, ಏನು ಇದೆ ಎಂಬ ವಿವರ. ಕೇಳು.”

ನೀಲಗಂಗವ್ವ ಹೇಳಿದ ಕತೆ ಇದು.

ಒಬ್ಬಳು ಕುಂಬಾರಗಿತ್ತಿ ಇದ್ದಳು. ಗಂಡ ತೀರಿಕೊಂಡ ಮೇಲೆ ತಿಗರಿಯನ್ನು ತಾನೇ ತಿರುಗಿಸಿದಳು. ಮಡಕೆ ಸುಡುವ ಆವಿಗೆ ಅವಳ ಮಾವ ಕಟ್ಟಿದ್ದು. ಅದು ಇರುವಷ್ಟು ಜಾಗವೇ ಅವಳ ಆಸ್ತಿ. ಮನೆಯನ್ನಾದರೂ ಬೇರೆ ಕಡೆ ಕಟ್ಟಿಕೊಳ್ಳಬಹುದು, ಹದಕ್ಕೆ ಬಂದ ಆವಿಗೆಯನ್ನು ಎತ್ತಿ ಒಯ್ಯಲು ಬರುವುದಿಲ್ಲ.

ಅವಳ ಜಾಗದ ಪೂರ್ವಕ್ಕೆ ಒಬ್ಬ ಗಾಣಿಗ. ಒಂದು ದಿನ ಆವಿಗೆಯ ಬೂದಿ ಹಾರಿ ಅವನು ಒಣಗಲು ಹಾಕಿದ್ದ ಎಳ್ಳಿನ ಮೇಲೆ ಬಿತ್ತು. ಮರುದಿನ ಅವನ ಗಾಣದ ಎತ್ತು ಹಗ್ಗ ಕಿತ್ತುಕೊಂಡು ಬಂದು ಹತ್ತೊಂಬತ್ತು ಹಸಿ ಮಡಕೆಗಳನ್ನು ತುಳಿಯಿತು. ಎತ್ತು ತಾನಾಗಿ ಬಂತು ಎಂದು ಅವನು. ಬೂದಿಯೂ ತಾನಾಗಿಯೇ ಹೋಯಿತು ಎಂದು ಅವಳು. ಅಂದು ನಿಂತ ಮಾತು ಇಪ್ಪತ್ತು ವರ್ಷ ಹಾಗೆಯೇ ನಿಂತಿತು. ಅವಳು ಅವನ ಹೆಸರನ್ನು ಬಾಯಿಗೆ ತಂದುಕೊಳ್ಳಲಿಲ್ಲ. ಅವನು ಅವಳನ್ನು ಹೊಗೆ ಎಂದು ಕರೆಯುತ್ತಿದ್ದ. “ಇವತ್ತು ಹೊಗೆ ಸಂತೆಗೆ ಹೋಗಿದೆ, ಎಳ್ಳು ಹರವು” ಎಂದು ಹೆಂಡತಿಗೆ ಹೇಳುತ್ತಿದ್ದ. ಅವರಿಬ್ಬರ ನಡುವೆ ಆವಿಗೆಯ ಬೂದಿಯ ದೊಡ್ಡ ಗುಡ್ಡೆ ಇತ್ತು. ಅವನು ಸಿಟ್ಟು ಬಂದಾಗಲೆಲ್ಲ ಅದನ್ನು ಗುದ್ದಲಿಯಿಂದ ಕೆದರಿ ಚೆಲ್ಲುತ್ತಿದ್ದ. ಸಿಟ್ಟು ಬಾರದ ದಿನವೇ ಇರಲಿಲ್ಲವಾದ್ದರಿಂದ ಗುಡ್ಡೆ ನೆಲಸಮವಾಯಿತು.

ಹೀಗಿರುವಾಗ ಕಚೇರಿಯಿಂದ ಅಳತೆಯವರು ಊರಿಗೆ ಬಂದರು. ಪ್ರತಿ ಜಾಗದ ಮುಂದೆ ನಿಂತು ಚಕ್ಕುಬಂದಿ ಕೇಳಿ ಬರೆದುಕೊಂಡರು. ಕುಂಬಾರಗಿತ್ತಿ ಪಶ್ಚಿಮಕ್ಕೆ ಕೆರೆ ಏರಿ, ಉತ್ತರಕ್ಕೆ ಓಣಿ, ದಕ್ಷಿಣಕ್ಕೆ ಬಾವಿ ಎಂದಳು.

“ಪೂರ್ವಕ್ಕೆ?”

“ಯಾರೂ ಇಲ್ಲ.”

ಅಳತೆಯವರು ಹಾಗೆಯೇ ಬರೆದುಕೊಂಡರು. ಗಾಣಿಗನ ಮನೆಗೂ ಹೋದರು. ಅವನು ಮೂರು ದಿಕ್ಕು ಹೇಳಿ, ಪಶ್ಚಿಮಕ್ಕೆ ಯಾರೂ ಇಲ್ಲ ಎಂದ.

ಮಳೆಗಾಲ ಕಳೆದ ಮೇಲೆ ಕುಂಬಾರಗಿತ್ತಿಗೆ ಒಂದು ನೋಟೀಸು ಬಂತು. ಜಾಗದ ಒಂದು ಬದಿಗೆ ಎಲ್ಲೆ ಸಿಕ್ಕಿಲ್ಲ, ತಿಂಗಳೊಳಗೆ ದಾಖಲೆ ತೋರಿಸದಿದ್ದರೆ ಬೀಳು ಎಂದು ಬರೆಯಲಾಗುವುದು ಎಂದು ಅದರಲ್ಲಿತ್ತು. ಬೀಳು ಎಂದರೆ ಒಡೆಯರಿಲ್ಲದ ಜಾಗ. ಅವಳು ಅಟ್ಟದ ಮೇಲಿನ ಮಡಕೆಯನ್ನು ಇಳಿಸಿದಳು. ಮಾವನ ಕಾಲದ ಕಾಗದ ಅದರಲ್ಲಿತ್ತು. ಕೈ ಹಾಕಿದರೆ ಮಣ್ಣು ಬಂತು. ಜನ್ಮವಿಡೀ ಮಣ್ಣು ಹಿಡಿದವಳಿಗೆ ಅದು ಗೆದ್ದಲಿನ ಮಣ್ಣು ಎಂದು ಗೊತ್ತಾಯಿತು.

ಅವಳು ತಾಲ್ಲೂಕು ಕಚೇರಿಗೆ ಹೋದಳು. ದಾಖಲೆ ಕೋಣೆಯ ಹೊರಗೆ ಒಂದು ಬೆಂಚು. ಅದರ ಒಂದು ತುದಿಯಲ್ಲಿ ಗಾಣಿಗ ಕುಳಿತಿದ್ದ. ಅವನ ಕೈಯಲ್ಲೂ ಅಂಥದೇ ನೋಟೀಸು, ಜೊತೆಗೆ ಅವನ ಜಾಗದ ಹಳೆಯ ಕಾಗದ. ಅವಳು ಇನ್ನೊಂದು ತುದಿಯಲ್ಲಿ ಕುಳಿತು ಗೋಡೆ ನೋಡಿದಳು. ನಡುವೆ ಮೂರು ಜನ ಕೂರುವಷ್ಟು ಜಾಗವಿತ್ತು. ಬಂದವರೊಬ್ಬರು ಕೂರಲು ಹೋಗಿ, ಇಬ್ಬರ ಮುಖವನ್ನೂ ನೋಡಿ, ನಿಂತೇ ಇರುವುದು ಮೇಲು ಎಂದು ನಿಂತರು.

ದಾಖಲೆ ಕೋಣೆಯ ಗುಮಾಸ್ತ ಮುದುಕ. ಅವಳ ಗಂಡನ ಹೆಸರು, ಮಾವನ ಹೆಸರು, ಮನೆಯ ಕಾಗದ ಗೆದ್ದಲು ಹಿಡಿದದ್ದು ಎಲ್ಲ ಕೇಳಿಕೊಂಡು ಒಳಗೆ ಹೋದ. ಕೆಂಪು ಬಟ್ಟೆಯ ಗಂಟುಗಳನ್ನು ಬಿಚ್ಚಿ, ಕಟ್ಟಿ, ಮತ್ತೆ ಬಿಚ್ಚಿ, ಬಹಳ ಹೊತ್ತಾದ ಮೇಲೆ ಹೊರಗೆ ಬಂದ.

“ನಿಮ್ಮ ಮನೆಯ ಕಾಗದಕ್ಕೆ ಇಲ್ಲಿ ಒಂದು ನಕಲು ಇತ್ತಮ್ಮ. ನಿಮ್ಮೂರಿನ ಗೆದ್ದಲಿಗೂ ನಮ್ಮ ಕಚೇರಿಯ ಗೆದ್ದಲಿಗೂ ನೆಂಟಸ್ತನ ಇರಬೇಕು. ಆ ಪುಟ ಪೂರಾ ಹೋಗಿದೆ.”

“ಹಾಗಾದರೆ ನನ್ನ ಆವಿಗೆ?”

“ಹೆದರಬೇಡಿ. ಒಬ್ಬರ ಕಾಗದ ಹೋದರೆ ಪಕ್ಕದವರ ಕಾಗದದಲ್ಲಿ ಹುಡುಕುವುದು ನಮ್ಮ ಪದ್ಧತಿ. ಅವರ ಚಕ್ಕುಬಂದಿಯಲ್ಲಿ ನೀವು ಇದ್ದೇ ಇರುತ್ತೀರಿ. ಕೆರೆ, ಓಣಿ, ಬಾವಿಗೆ ಕಾಗದ ಇರುವುದಿಲ್ಲ. ಪೂರ್ವಕ್ಕೆ ಯಾರು?”

ಅವಳು ಗೋಡೆ ನೋಡಿದಳು. “ಯಾರೂ ಇಲ್ಲ.”

ಗುಮಾಸ್ತ ಕನ್ನಡಕ ತೆಗೆದು ಒರೆಸಿಕೊಂಡ. “ಮೂವತ್ತು ವರ್ಷದಿಂದ ಇಲ್ಲಿದ್ದೇನೆ. ಹಳ್ಳ ಇದ್ದರೆ ಹಳ್ಳ ಎಂದು ಬರೆಯುತ್ತಾರೆ, ಕಳ್ಳಿಬೇಲಿ ಇದ್ದರೆ ಕಳ್ಳಿಬೇಲಿ ಎಂದು ಬರೆಯುತ್ತಾರೆ. ಯಾರೂ ಇಲ್ಲದ ದಿಕ್ಕನ್ನು ನಾನು ನೋಡಿಲ್ಲ. ಅಲ್ಲಿ ಏನೂ ಇಲ್ಲವೇ?”

“ಒಂದು ಗಾಣ ಇದೆ.”

“ಗಾಣ ತಾನೇ ತಿರುಗುತ್ತದೆಯೋ?”

“ಎತ್ತು ತಿರುಗಿಸುತ್ತದೆ.”

“ಎತ್ತಿಗೆ ಹುಲ್ಲು ಹಾಕುವವರು?”

ಬೆಂಚಿನ ಆ ತುದಿಯಿಂದ ಒಂದು ಕೆಮ್ಮು ಕೇಳಿಸಿತು.

ಗುಮಾಸ್ತ ಅತ್ತ ನೋಡಿದ, ಇತ್ತ ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು. ಗಾಣಿಗನ ಕೈಯಲ್ಲಿದ್ದ ಹಳೆಯ ಕಾಗದವನ್ನು ತೆಗೆದುಕೊಂಡು ಗಟ್ಟಿಯಾಗಿ ಓದಿದ. “ಪಶ್ಚಿಮಕ್ಕೆ ಕುಂಬಾರರ ಆವಿಗೆಯ ಬೂದಿಗುಡ್ಡೆ. ಅಲ್ಲಿಗೆ ಗಾಣಿಗರ ಜಾಗ ಮುಗಿಯತಕ್ಕದ್ದು.” ಓದಿ, “ಗುಡ್ಡೆ ಎಲ್ಲಿ?” ಎಂದು ಕೇಳಿದ.

ಗಾಣಿಗ ತಲೆ ತಗ್ಗಿಸಿದ. ಇಪ್ಪತ್ತು ವರ್ಷ ತಾನು ಕೆದರಿ ಚೆಲ್ಲಿದ್ದು ತನ್ನದೇ ಎಲ್ಲೆ ಎಂದು ಅವನಿಗೆ ಅಂದು ತಿಳಿಯಿತು.

“ಗುಡ್ಡೆ ಇಲ್ಲದ ಮೇಲೆ ಇಬ್ಬರೂ ಸಾಹೇಬರ ಮುಂದೆ ನಿಂತು ಒಬ್ಬರು ಇನ್ನೊಬ್ಬರ ಹೆಸರು ಹೇಳಬೇಕು, ಹೆಬ್ಬೆಟ್ಟು ಒತ್ತಬೇಕು” ಎಂದ ಗುಮಾಸ್ತ. “ಹೇಳಿದರೆ ಎರಡೂ ಜಾಗ ಉಳಿಯುತ್ತವೆ. ಹೇಳದಿದ್ದರೆ ಎರಡೂ ಬೀಳು. ಸಾಹೇಬರು ಊಟಕ್ಕೆ ಏಳುವ ಹೊತ್ತಾಯಿತು.”

ಸಾಹೇಬರ ಮೇಜಿನ ಮುಂದೆ ಇಬ್ಬರೂ ನಿಂತರು. ಕುಂಬಾರಗಿತ್ತಿಗೆ ತುಳಿದುಹೋದ ಹತ್ತೊಂಬತ್ತು ಮಡಕೆಗಳು ನೆನಪಾದವು. ಒಂದೊಂದರ ಆಕಾರವೂ ನೆನಪಾಯಿತು. ಆಮೇಲೆ ಮನೆಯಲ್ಲಿ ಒಣಗಿ ಸುಡಲು ಕಾದಿರುವ ಮಡಕೆಗಳು ನೆನಪಾದವು. ಸಾಹೇಬರು ಪೆನ್ನಿನ ಮುಚ್ಚಳ ಹಾಕಲು ಹೋದರು.

ಅವಳು ಗಾಣಿಗನ ಹೆಸರು ಹೇಳಿದಳು.

“ತಂದೆಯ ಹೆಸರು?” ಎಂದರು ಸಾಹೇಬರು. ಹೇಳಿದಳು. ಅವನ ತಾತನ ಹೆಸರನ್ನೂ ಹೇಳಿದಳು.

ಗಾಣಿಗ ಬೆರಗಾದ. “ನಮ್ಮ ತಾತನ ಹೆಸರು ನಿನಗೆ ಹೇಗೆ ಗೊತ್ತು?”

“ನಿಮ್ಮ ಎಣ್ಣೆಯ ಮಡಕೆ ನಮ್ಮ ಮನೆಯಿಂದಲೇ ಬರುತ್ತಿತ್ತಲ್ಲ. ಕುತ್ತಿಗೆಗೆ ಮೂರು ಗೆರೆ ಇಲ್ಲದಿದ್ದರೆ ಆ ಮುದುಕಪ್ಪ ಮುಟ್ಟುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಆ ಗೆರೆ ಎಳೆಯುವುದೇ ನನ್ನ ಕೆಲಸ.”

ಈಗ ಅವನ ಸರದಿ. ಅವನು ಅವಳ ಮಾವನ ಹೆಸರು ಹೇಳಿದ, ಗಂಡನ ಹೆಸರು ಹೇಳಿದ. ಅವರಿಬ್ಬರೂ ಈಗಿಲ್ಲ, ಈಕೆಯ ಹೆಸರು ಹೇಳು ಎಂದರು ಸಾಹೇಬರು. ಅವನಿಗೆ ಕುಂಬಾರನ ಹೆಂಡತಿ ಎಂದು ಗೊತ್ತು, ಹೊಗೆ ಎಂದು ಗೊತ್ತು. ಹೆಸರು ಗೊತ್ತಿರಲಿಲ್ಲ. ಪಕ್ಕದಲ್ಲೇ ಅಷ್ಟು ವರ್ಷ ಬದುಕಿ ಅವನು ಅದನ್ನು ಒಂದು ದಿನವೂ ಕೇಳಿರಲಿಲ್ಲ.

ಅವನು ತಿರುಗಿ ನಿಂತು ಅವಳ ಮುಖ ನೋಡಿದ. ಅವನ ದನಿ ಸಣ್ಣದಾಗಿತ್ತು.

“ನಿನ್ನ ಹೆಸರೇನು ತಾಯಿ?”

ಅವಳು ಹೇಳಿದಳು. ಅವನು ಅದನ್ನು ಸಾಹೇಬರಿಗೆ ಹೇಳಿದ. ಇಬ್ಬರೂ ಒಂದೇ ಮಸಿಯಲ್ಲಿ ಹೆಬ್ಬೆಟ್ಟು ಅದ್ದಿ ಒತ್ತಿದರು. ಗುಮಾಸ್ತ ಅದನ್ನು ದಾಖಲೆ ಪುಸ್ತಕಕ್ಕೆ ಏರಿಸಿಕೊಂಡ.

ಇಷ್ಟು ಹೇಳಿ ನೀಲಗಂಗವ್ವ ಕತೆ ಮುಗಿಸಿದಳು.

“ಆಮೇಲೆ ಅವರು ಒಂದಾದರೇ ಅಜ್ಜಿ?” ಎಂದಳು ಶಿವಲೀಲಾ.

“ಎಲ್ಲಿಯ ಒಂದಾಗುವುದು? ಮರುವಾರವೇ ಆವಿಗೆ ಉರಿಯಿತು, ಹೊಗೆ ಹೋಯಿತು, ಜಗಳವಾಯಿತು. ಆದರೆ ಈ ಸಲ ಅವನು ಎಲ್ಲೆಯ ಬಳಿ ನಿಂತು ಅವಳ ಹೆಸರು ಹಿಡಿದು ಕೂಗಿದ. ಅವಳು ಅವನ ತಾತನ ಹೆಸರನ್ನೂ ಸೇರಿಸಿ ಬೈದಳು. ಅಷ್ಟು ಚೆನ್ನಾಗಿ ಬೈಸಿಕೊಂಡು ಬಹಳ ವರ್ಷವಾಗಿತ್ತು ಎಂದು ಅವನು ಹೆಂಡತಿಯ ಹತ್ತಿರ ಹೇಳಿಕೊಂಡನಂತೆ.”

ಶಿವಲೀಲಾ ನಕ್ಕಳು. ಆಮೇಲೆ ಅವಳ ಮುಖ ಮತ್ತೆ ಬಿಗಿಯಿತು. “ಅವರದು ಜಾಗದ ಮಾತು ಅಜ್ಜಿ. ಅಕ್ಕನಿಂದ ನನಗೆ ಆಗಬೇಕಾದದ್ದು ಏನೂ ಇಲ್ಲ. ಅವಳು ಇಲ್ಲ ಎಂದರೆ ಇಲ್ಲ, ಮುಗಿಯಿತು.”

ನೀಲಗಂಗವ್ವ ಮೊಮ್ಮಗಳ ಕೆದರಿದ ಕೂದಲನ್ನು ಕಿವಿಯ ಹಿಂದೆ ಸರಿಸಿದಳು.

“ಆಗಲಿ ಮಗಳೇ, ಒಂದು ಕಾಗದ ತೆಗೆದುಕೊಂಡು ಅಕ್ಕ ಇಲ್ಲ ಎಂದೇ ಬರೆ, ಅದರ ಕೆಳಗೆ, ಆ ದಿಕ್ಕಿನಲ್ಲಿ ನೀನು ಎಲ್ಲಿಗೆ ಮುಗಿಯುತ್ತೀ ಎಂಬುದನ್ನೂ ಬರೆದು ತಂದು ತೋರಿಸು.”